ಉಸ್ತಾದರು ಕೇಳಿದ ಸೋಪು

ರಾಯಚೂರಿನಲ್ಲಿ ಮೌನೇಶ ಎಂಬ ಎಸಿ ಮೆಕ್ಯಾನಿಕ್ ಇದ್ದ. ಕೆಲಸಗಾರ ಅಂದರೆ ಕೆಲಸಗಾರ. ಕೈ ಚುರುಕು, ಮಾತು ಮೆದು, ಕರೆದ ಕೂಡಲೇ ಬರುವವನು. ಬೇಸಿಗೆ ಶುರುವಾಯಿತೆಂದರೆ ಅವನಿಗೆ ಉಸಿರಾಡಲೂ ಪುರುಸೊತ್ತು ಇರುತ್ತಿರಲಿಲ್ಲ. ರಾಯಚೂರಿನ ಬೇಸಿಗೆ ನಿಮಗೆ ಗೊತ್ತಲ್ಲ, ಬರಿಗಾಲಲ್ಲಿ ಅಂಗಳಕ್ಕೆ ಇಳಿದರೆ ಬೊಬ್ಬೆ ಏಳುತ್ತದೆ. ಅಂಥ ಊರಲ್ಲಿ ತಣ್ಣನೆ ಗಾಳಿ ಬರಿಸುವವನನ್ನು ಜನ ತಲೆ ಮೇಲೆ ಹೊತ್ತುಕೊಂಡು ತಿರುಗುತ್ತಾರೆ.

ಈ ವಿದ್ಯೆ ಅವನಿಗೆ ಕಲಿಸಿದವರು ದಸ್ತಗೀರಸಾಬರು. ಊರಿಗೆಲ್ಲ ಅವರು ಉಸ್ತಾದರು. ಮಕ್ಕಳಿರಲಿಲ್ಲ, ಮೌನೇಶನೇ ಮಗ ಇದ್ದ ಹಾಗೆ. ಅವರದೊಂದು ಪದ್ಧತಿ ಇತ್ತು. ಮಿಷನ್ನು ತಣ್ಣಗೆ ಮಾಡುತ್ತಿಲ್ಲ, ಒಳಗಿನ ಗ್ಯಾಸ್ ಕಡಿಮೆಯಾಗಿದೆ ಎಂದರೆ ಮಿಕ್ಕವರು ಹೋದವರೇ ಗ್ಯಾಸ್ ತುಂಬಿಸಿ ಬಂದುಬಿಡುತ್ತಾರೆ. ಉಸ್ತಾದರು ಹಾಗಲ್ಲ. ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆಯುವರು. ಅದರಲ್ಲಿ ಬಟ್ಟೆ ಸೋಪಿನ ತುಂಡು. ಅದನ್ನು ಒದ್ದೆ ಮಾಡಿ, ಎರಡು ಬೆರಳಿಗೆ ಹೆಬ್ಬೆರಳು ತಿಕ್ಕಿ ತಿಕ್ಕಿ ನೊರೆ ಎಬ್ಬಿಸುವರು. ತಾಮ್ರದ ಪೈಪು ಎಲ್ಲೆಲ್ಲಿ ಕೂಡುತ್ತದೋ ಅಲ್ಲೆಲ್ಲ ಆ ನೊರೆ ಹಚ್ಚಿ ಕಣ್ಣು ಕಿರಿದು ಮಾಡಿ ಕಾಯುವರು. ಎಲ್ಲಿ ಗುಳ್ಳೆ ಎದ್ದಿತೋ ಅಲ್ಲಿ ಸೋರುತ್ತಿದೆ ಎಂದು ಲೆಕ್ಕ.

"ಮೊದ್ಲ ನೊರಿ, ಆಮ್ಯಾಲ ಗ್ಯಾಸ್," ಎನ್ನುವರು. "ಸೋರೋದು ಎಲ್ಲಿ ಅಂತ ನೋಡ್ದೇ ತುಂಬಿಸಿದ್ರ ಅದು ರಿಪೇರಿ ಅಲ್ಲ ಮೌನೇಶಾ, ಮೋಸ."

ಮೌನೇಶ ಹೂಂ ಎಂದಿದ್ದ. ಉಸ್ತಾದರ ಜೊತೆ ಇರುವ ತನಕ ಹಾಗೇ ಮಾಡಿದ. ಸ್ವಂತಕ್ಕೆ ನಿಂತ ಮೇಲೆ ನೋಡಿ, ಕಥೆ ಬೇರೆಯಾಯಿತು. ಎಲ್ಲ ಕೂಡು ಜಾಗಕ್ಕೂ ನೊರೆ ಹಚ್ಚುತ್ತ ಕೂತರೆ ಅರ್ಧ ದಿನ ಒಂದೇ ಮನೆಯಲ್ಲಿ ಹೋಗುತ್ತದೆ. ಗ್ಯಾಸ್ ತುಂಬಿಸಿದರೆ ನಿಂತ ನಿಂತಲ್ಲೇ ತಣ್ಣನೆ ಗಾಳಿ. ಮನೆಯವರು ಖುಷಿ, ಇವನೂ ಖುಷಿ. ಮುಂದಿನ ಬೇಸಿಗೆಗೆ ಮತ್ತೆ ಕಡಿಮೆಯಾದರೆ ಮತ್ತೆ ಕರೆಯುತ್ತಾರೆ, ಮತ್ತೆ ತುಂಬಿಸಿದರಾಯಿತು. ಸೋಪಿನ ಡಬ್ಬಿ ಇವನ ಚೀಲದಿಂದ ಯಾವಾಗ ಕಾಣೆಯಾಯಿತೋ ಇವನಿಗೇ ನೆನಪಿಲ್ಲ.

ಹೀಗಿರುವಾಗ ಉಸ್ತಾದರಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತು ನಿಂತಿತು. ಬಾಯಿಂದ ಊಂ ಊಂ ಎನ್ನುವುದೊಂದೇ ಬರುತ್ತಿತ್ತು. ಬುದ್ಧಿ ಮಾತ್ರ ಮೊದಲಿನಷ್ಟೇ ನೆಟ್ಟಗೆ ಇತ್ತು, ಎಡಗೈ ಆಡುತ್ತಿತ್ತು. ಡಾಕ್ಟರು ಉಸ್ತಾದರ ಹೆಂಡತಿ ಖೈರುನ್ನಿಸಾ ಅವರಿಗೆ ಹೇಳಿ ಕಳಿಸಿದರು: ಈ ಮೈ ಸೆಕೆ ತಡಕೊಳ್ಳುವ ಮೈಯಲ್ಲ, ಈ ಬೇಸಿಗೆ ದಾಟಬೇಕಾದರೆ ಕೋಣೆ ತಂಪಾಗಿರಬೇಕು, ಇದರಲ್ಲಿ ಅಸಡ್ಡೆ ಬೇಡ.

ಖೈರುನ್ನಿಸಾ ಅದನ್ನು ಮೌನೇಶನಿಗೆ ಹೇಳಿದ್ದೇ ತಡ, ಅವನು ಯಾವುದೋ ಅಂಗಡಿಯವರು ತೆಗೆದುಹಾಕಿದ್ದ ಒಂದು ಮಿಷನ್ನು ತಂದು, ತೊಳೆದು, ಸರಿಮಾಡಿ, ಉಸ್ತಾದರ ಮಂಚದ ಎದುರು ಗೋಡೆಗೆ ಕೂರಿಸಿಬಿಟ್ಟ. ಸುಳ್ಳು ಯಾಕೆ ಹೇಳಲಿ, ಪ್ರೀತಿಯಿಂದಲೇ ಮಾಡಿದ. ಮಿಷನ್ನಿನ ಹಿಂದೆ ಪೈಪು ಕೂಡುವಲ್ಲಿ ನಟ್ಟನ್ನು ಕೈಯಿಂದ ತಿರುಗಿಸಿದ್ದ, ಇನ್ನು ಪಾನಾ ಹಾಕಿ ಬಿಗಿಯಬೇಕು, ಅಷ್ಟರಲ್ಲಿ ಫೋನ್ ಬಂತು. ಮಾತಾಡುತ್ತಾ ಮಾತಾಡುತ್ತಾ ಒಂದಿಷ್ಟು ಬಿಗಿದ, ಮೇಲೆ ಟೇಪು ಸುತ್ತಿದ, ಮುಚ್ಚಿದ. ಗಾಳಿ ತಣ್ಣಗೆ ಬಂತು. ಖೈರುನ್ನಿಸಾ ಅವನ ತಲೆ ಸವರಿ, "ನೂರು ವರ್ಷ ಬಾಳಪಾ," ಎಂದರು.

ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ತಂಪು ಕಮ್ಮಿಯಾಯಿತು. ಮೌನೇಶ ಬಂದ. ಮಿಷನ್ನಿನ ಹೊರಗಿನ ಭಾಗಕ್ಕೆ ಸಿಲಿಂಡರ್ ಹಚ್ಚಿ ಗ್ಯಾಸ್ ಬಿಟ್ಟ. ಒಳಗೆ ಬಂದು ಗಾಳಿಗೆ ಕೈ ಒಡ್ಡಿದ. ತಣ್ಣಗಾಗಿತ್ತು.

ಉಸ್ತಾದರು ಮಲಗಿದಲ್ಲಿಂದಲೇ ಎಲ್ಲ ನೋಡುತ್ತಿದ್ದರು. ಎಡಗೈ ಎತ್ತಿದರು. ಎರಡು ಬೆರಳಿಗೆ ಹೆಬ್ಬೆರಳು ತಿಕ್ಕಿದರು. ಮತ್ತೆ ತಿಕ್ಕಿದರು. ಕಣ್ಣು ಗೋಡೆಯ ಕಡೆ.

"ಅಯ್ಯ, ಮತ್ತ ಕೈ ತೊಳಿಬೇಕಂತ ಇವರಿಗೆ," ಎಂದು ಖೈರುನ್ನಿಸಾ ಮಗ್ಗು, ಸೋಪು ತಂದರು. "ಈಗೀಗ ಇದೊಂದು ಚಾಳಿ ಹಿಡದೈತಿ ನೋಡಪಾ. ದಿನಾ ಸಾಬಾನು ಕೇಳ್ತಾರ."

ಮೌನೇಶನಿಗೆ ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ? ಆ ಬೆರಳು ತಿಕ್ಕುವುದನ್ನು ನೋಡುತ್ತಲೇ ಅವನು ಕೆಲಸ ಕಲಿತಿದ್ದು. ಉಸ್ತಾದರು ಕೇಳುತ್ತಿದ್ದುದು ಕೈ ತೊಳೆಯುವ ಸೋಪು ಅಲ್ಲ. ನೊರೆ ಹಚ್ಚಿ ನೋಡೋ ಎನ್ನುತ್ತಿದ್ದರು. ಮಿಷನ್ನಿನ ಹಿಂದೆ ಸೋರುತ್ತಿದೆ ಎನ್ನುತ್ತಿದ್ದರು.

ನೋಡಬೇಕೆಂದರೆ ಮಿಷನ್ನು ಗೋಡೆಯಿಂದ ಇಳಿಸಬೇಕು, ಟೇಪು ಬಿಚ್ಚಬೇಕು. ಜೇಬಿನಲ್ಲಿ ಫೋನ್ ಬಡಕೊಳ್ಳುತ್ತಿತ್ತು, ಬಟ್ಟೆ ಅಂಗಡಿಯ ಸೇಠು ಕಾಯುತ್ತಿದ್ದ. ಮುಂದಿನ ಸಲ ಬಂದಾಗ ನೋಡಿದರಾಯಿತು ಎಂದುಕೊಂಡ ಮೌನೇಶ. ಉಸ್ತಾದರ ಕಣ್ಣು ತಪ್ಪಿಸಿ, "ಬರ್ತೀನಮ್ಮಾ," ಎಂದು ಹೊರಟ. ಹಿಂದೆ ಖೈರುನ್ನಿಸಾ ಗಂಡನ ಕೈ ತೊಳೆಯುವ ನೀರಿನ ಸದ್ದು ಕೇಳುತ್ತಿತ್ತು.

ಮುಂದಿನ ಸಲವೂ ಬಂತು. ಈ ಸಲ ಬಿಸಿಲು ಇನ್ನೂ ಏರಿತ್ತು. ಮತ್ತೆ ತಂಪು ಕಮ್ಮಿ, ಮತ್ತೆ ಸಿಲಿಂಡರು, ಮತ್ತೆ ಅದೇ. ಉಸ್ತಾದರು ಈಗ ಸುಮ್ಮನಿರಲಿಲ್ಲ. ಮಂಚದ ಪಟ್ಟಿಯನ್ನು ಗುದ್ದಿದರು. ಊಂ ಊಂ ಎಂದರು. ಬೆರಳು ತಿಕ್ಕಿದರು, ಗೋಡೆ ತೋರಿಸಿದರು, ಮತ್ತೆ ತಿಕ್ಕಿದರು. ಖೈರುನ್ನಿಸಾ ಮಗ್ಗು ಹಿಡಿದು ಓಡಿ ಬಂದರು. ಒದ್ದೆ ಕೈಯನ್ನು ಕಿತ್ತುಕೊಂಡು ಉಸ್ತಾದರು ಮಗ್ಗನ್ನು ಬಡಿದು ಬೀಳಿಸಿದರು. ಹಾಸಿಗೆಯೆಲ್ಲ ನೀರು. ಅವರ ಕಣ್ಣಲ್ಲೂ ನೀರು.

"ಎಷ್ಟು ಸಲ ತೊಳೀಬೇಕ್ರೀ ನಾನು? ನನಗೂ ವಯಸ್ಸಾಗೈತಿ!" ಎಂದು ಖೈರುನ್ನಿಸಾ ರೇಗಿದರು. ಆಮೇಲೆ ಮೌನೇಶನ ಕಡೆ ತಿರುಗಿ, "ಯಾಕ ಹಿಂಗ ಮಾಡ್ತಾರಪಾ? ನಿನಗರ ಏನರ ತಿಳೀತೈತೇನು?" ಎಂದು ಕೇಳಿದರು.

ಇಗೋ, ಕೇಳಿಯೇಬಿಟ್ಟರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೌನೇಶ ನಕ್ಕ.

"ರೋಗದಾಗ ಹಂಗ ಅಮ್ಮಾ. ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಉಸ್ತಾದರ ಕೈ ನಿಂತಿತು. ಶಿಷ್ಯನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ಹೊರಳಿಸಿದರು. ಆ ನೋಟ ಮೌನೇಶನಿಗೆ ಗಾಡಿ ಹತ್ತುವ ತನಕ ಚುಚ್ಚಿತು. ಗಾಡಿ ಹತ್ತಿದ ಮೇಲೆ ಫೋನ್ ಬಂತು, ಮರೆತ.

ಆಮೇಲೆ ಆ ದಿನ ಬಂತು. ಊರಿಗೆ ಊರೇ ಬೆಂದುಹೋಗುವಂಥ ಬಿಸಿಲು. ಮೌನೇಶ ಒಂದು ಕಲ್ಯಾಣ ಮಂಟಪದಲ್ಲಿದ್ದ. ಸಂಜೆಗೆ ರಿಸೆಪ್ಷನ್, ಹಾಲಿನ ಮಿಷನ್ನುಗಳೆಲ್ಲ ಕೈಕೊಟ್ಟಿದ್ದವು, ಹುಡುಗಿಯ ಅಪ್ಪ ತಲೆ ಮೇಲೆ ನಿಂತಿದ್ದ. ಆಗ ಖೈರುನ್ನಿಸಾ ಫೋನ್ ಮಾಡಿದರು.

"ಮೌನೇಶಾ, ಬಿಸಿ ಗಾಳಿ ಬರಾಕತ್ತೈತಪಾ. ಇವರು ಒದ್ದಾಡಾಕತ್ತಾರ. ಜಲ್ದಿ ಬಾ."

"ಫಿಲ್ಟರ್ ಹೊಲಸಾಗಿರಬೇಕಮ್ಮಾ. ಮುಚ್ಚಳ ತೆಗೆದು, ಜಾಳಿಗಿ ಎಳೆದು ತೊಳೀರಿ. ಸಂಜಿಗೆ ಬರ್ತೀನಿ."

ಫಿಲ್ಟರ್ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಫೋನ್ ಇಡಿಸುವುದಕ್ಕೆ ಒಂದು ಮಾತು ಬೇಕಿತ್ತು, ಅಷ್ಟೇ. ಆ ತಾಯಿ ಅದನ್ನು ನಂಬಿದರು. ಮೊಣಕಾಲು ನೋವಿನ ಹೆಂಗಸು ಸ್ಟೂಲ್ ಹತ್ತಿ, ಮುಚ್ಚಳ ತೆಗೆದು, ಜಾಳಿಗೆ ಎಳೆದು, ತೊಳೆದು, ಒರೆಸಿ, ಮತ್ತೆ ಹಾಕಿದರು. ಬಿಸಿ ಗಾಳಿಯೇ ಬಂತು. ಒದ್ದೆ ಬಟ್ಟೆ ಹಾಸಿದರು, ಅದು ಒಣಗಿಹೋಯಿತು. ಫ್ಯಾನ್ ಹಾಕಿದರು, ಅದೂ ಬೆಂಕಿ ಗಾಳಿ. ಮತ್ತೆ ಫೋನ್ ಮಾಡಿದರು. "ಬಂದೆ ಅಮ್ಮಾ, ಬಂದೆ," ಎಂದ ಮೌನೇಶ, ಮಂಟಪದ ಏಣಿ ಮೇಲಿಂದ.

ಹಾಲ್ ತಂಪಾಯಿತು. ಹುಡುಗಿಯ ಅಪ್ಪ ಬೆನ್ನು ತಟ್ಟಿದ. ಹೊತ್ತು ಮುಳುಗುವಾಗ ಮೌನೇಶ ಉಸ್ತಾದರ ಓಣಿಗೆ ಬಂದ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಇತ್ತು. ನೆರೆಯವರು ಆಟೋ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೈ ಸೆಕೆ ತಡಕೊಳ್ಳಲಿಲ್ಲ ಎಂದರು ಡಾಕ್ಟರು. ಉಸ್ತಾದರ ಎಡಗೈ ಎದೆ ಮೇಲಿತ್ತು.

ಇನ್ನು ಮೌನೇಶನಿಗೆ ಆದ ಶಿಕ್ಷೆ ಕೇಳಿ. ಯಾರೂ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದ. "ಹೆತ್ತ ಮಗ ಇದ್ರೂ ಇಷ್ಟು ಮಾಡ್ತಿರಲಿಲ್ಲ ಬಿಡು," ಎಂದರು ಓಣಿಯವರು. "ಎಸಿ ಹಾಕಿಸಿಕೊಟ್ಟ, ಕರೆದಾಗ ಓಡಿ ಬಂದ, ಪುಣ್ಯವಂತ," ಎಂದರು. ಜನಾಜಾಕ್ಕೆ ಹೆಗಲು ಕೊಡು ಬಾ ಎಂದು ತಾವೇ ಜಾಗ ಬಿಟ್ಟರು. ಅವನು ಹೆಗಲು ಕೊಟ್ಟ. ಒಂದೊಂದು ಹೊಗಳಿಕೆಗೂ ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸುತ್ತಿತ್ತು. ಆದರೂ ಅವನು ನಿಜ ಹೇಳಲು ಬಾಯಿ ಬಿಡಲಿಲ್ಲ.

ಕೆಲವು ದಿನದ ಮೇಲೆ ಖೈರುನ್ನಿಸಾ ಕರೆಸಿದರು.

"ಇವರ ಚೀಲ ನಿನಗ ಇರ್ಲಿ," ಎಂದು ಉಸ್ತಾದರ ಹಳೆಯ ಚೀಲ ಕೊಟ್ಟರು. "ಆ ಮಿಷನ್ನೂ ಒಯ್ದುಬಿಡಪಾ. ರಿಪೇರಿ ಮಾಡಿ ಯಾರಿಗರ ಬೇಕಾದವರಿಗೆ ಕೊಡು."

ಚೀಲದಲ್ಲಿ ತಗಡಿನ ಡಬ್ಬಿ ಇತ್ತು. ಸೋಪು ಒಣಗಿ ಬಿರುಕು ಬಿಟ್ಟಿತ್ತು.

ಮೌನೇಶ ಮಿಷನ್ನು ಬಿಚ್ಚಿ ಒಯ್ಯಬಹುದಿತ್ತು. ಒಯ್ಯಲಿಲ್ಲ. ಗೋಡೆಯಿಂದ ಸಡಿಲಿಸಿದ. ಟೇಪು ಬಿಚ್ಚಿದ. ಗುರುತು ಸಿಗಲೆಂದು ಒಳಗೆ ಒಂದಿಷ್ಟು ಗ್ಯಾಸ್ ಬಿಟ್ಟ. ಸೋಪನ್ನು ಒದ್ದೆ ಮಾಡಿದ. ಎರಡು ಬೆರಳಿಗೆ ಹೆಬ್ಬೆರಳು ತಿಕ್ಕಿ ತಿಕ್ಕಿ ನೊರೆ ಎಬ್ಬಿಸಿ, ನಟ್ಟಿಗೆ ಹಚ್ಚಿ ಕಾದ.

ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು ಎದ್ದಿತು.

ಪಾನಾ ಹಾಕಿ ಅರ್ಧ ಸುತ್ತು ತಿರುಗಿಸಿದ. ಗುಳ್ಳೆ ನಿಂತಿತು. ಅರ್ಧ ಸುತ್ತು, ಅಷ್ಟೇ! ಅದಕ್ಕೆ ಬೇಕಾದದ್ದು ಅಷ್ಟೇ. ಎಲ್ಲ ಸರಿಮಾಡಿ, ಗ್ಯಾಸ್ ಪೂರ್ತಿ ಮಾಡಿ, ಸ್ವಿಚ್ ಹಾಕಿದ. ಖಾಲಿ ಮಂಚದ ಮೇಲೆ ತಣ್ಣನೆ ಗಾಳಿ ಬೀಸತೊಡಗಿತು.

ತಿರುಗಿದರೆ ಬಾಗಿಲಲ್ಲಿ ಖೈರುನ್ನಿಸಾ ನಿಂತಿದ್ದರು. ಅವರು ಗಾಳಿಯ ಕಡೆ ನೋಡುತ್ತಿರಲಿಲ್ಲ. ಅವನ ಬೆರಳ ಮೇಲಿನ ನೊರೆ ನೋಡುತ್ತಿದ್ದರು.

"ಮೌನೇಶಾ, ಈಗ ಬೆರಳು ಹಿಂಗ ತಿಕ್ಕಿದಿ. ಯಾಕ?"

"ಎಲ್ಲಿ ಸೋರತೈತಿ ಅಂತ ನೋಡಾಕ ಅಮ್ಮಾ."

ಅವರು ತಮ್ಮ ಎಡಗೈ ಎತ್ತಿದರು. ಎರಡು ಬೆರಳಿಗೆ ಹೆಬ್ಬೆರಳು ತಿಕ್ಕಿ ನೋಡಿದರು, ನಿಧಾನಕ್ಕೆ, ಹೊಸದಾಗಿ ಕಲಿಯುವವರ ಹಾಗೆ. ಕೈ ಹಾಗೇ ನಿಂತಿತು.

"ನಿನಗ ಅವತ್ತ ತಿಳಿದಿತ್ತೇನು?"

ಇಲ್ಲ ಎನ್ನಬಹುದಿತ್ತು. ಅವರು ನಂಬುತ್ತಿದ್ದರು, ಎಲ್ಲವನ್ನೂ ನಂಬಿದವರು ಅವರು.

"ತಿಳಿದಿತ್ತು ಅಮ್ಮಾ."

ಖೈರುನ್ನಿಸಾ ಮಂಚದ ಅಂಚಿಗೆ ಕೂತರು. ಬೈಯುತ್ತಾರೆ ಎಂದು ಅವನು ಕಾದ. ಕಾಲು ಹಿಡಿಯಲು ಬಗ್ಗಿದ. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ನಾ ಅವರನ್ನ ಬೈದೆ," ಎಂದರು. "ದಿನಾ ಬೈದೆ. ಬೈದು ಬೈದು ಕೈ ತೊಳೆದೆ. ಸಾಯೋ ದಿನಾನೂ ಅವರು ಬೆರಳು ತಿಕ್ಕಿದ್ರು, ನಾ ಸುಮ್ನಿರ್ರೀ ಅಂತ ಕೈ ಹಿಡಿದು ಕೆಳಗ ಒತ್ತಿದೆ. ನೀ ಒಂದು ಮಾತು ಹೇಳಿದ್ರ, ರಿಪೇರಿ ಆಗ್ದಿದ್ರೂ ಇರ್ಲಿ, ನಾ ಅವರನ್ನ ಬೈತಿರಲಿಲ್ಲಲ್ಲೋ."

ಮೌನೇಶ ಬೆರಳ ಮೇಲಿನ ನೊರೆಯನ್ನು ಅಂಗಿಗೆ ಒರೆಸಿಕೊಂಡ.

"ಅದನ್ನ ಬಂದ್ ಮಾಡು," ಎಂದರು ಆಕೆ. "ಬಂದ್ ಮಾಡಿ ಹೋಗು."

ಬಂದ್ ಮಾಡಿದ. ಕೋಣೆಗೆ ಮತ್ತೆ ಸೆಕೆ ಬಂತು. ಚೀಲ ಎತ್ತಿಕೊಂಡು ಹೊರಟ. ಆ ಬಾಗಿಲು ಅವನಿಗೆ ಮತ್ತೆ ತೆರೆಯಲಿಲ್ಲ.

ಈಗ ಮೌನೇಶ ಯಾವ ಮನೆಗೆ ಹೋದರೂ ಮೊದಲು ನೊರೆ ಹಚ್ಚುತ್ತಾನೆ. ಭಾರಿ ತಡ ಮಾಡುತ್ತಾನೆ ಮಾರಾಯ ಎಂದು ಜನ ಗೊಣಗುತ್ತಾರೆ, ಕೆಲವರು ಬೇರೆಯವರನ್ನು ಹಿಡಿದಿದ್ದಾರೆ. ಅವನು ಬೆರಳು ತಿಕ್ಕುತ್ತಲೇ ಇರುತ್ತಾನೆ. ಊರಿನ ಎಲ್ಲ ಸೋರಿಕೆ ಹುಡುಕಿ ಮುಚ್ಚಿದರೂ ಆ ಒಂದು ಮಂಚದ ಮುಂದಿನದು ಮುಚ್ಚುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು.

ನೀತಿ: ಮಾತು ಬಾರದವರು ಏನು ಕೇಳುತ್ತಿದ್ದಾರೆಂದು ನಿಮಗೊಬ್ಬರಿಗೇ ತಿಳಿದಿದ್ದರೆ, ತಿಳಿಯದವರಂತೆ ನಕ್ಕು ಎದ್ದು ಹೋಗಬೇಡಿ. ತಿಳಿಯದೆ ಆದ ತಪ್ಪನ್ನು ಜನ ಕ್ಷಮಿಸಿಯಾರು. ತಿಳಿದೂ ನಾಳೆಗೆ ಬಿಟ್ಟ ಅರ್ಧ ಸುತ್ತಿನ ಕೆಲಸವನ್ನು ಆಮೇಲೆ ಎಷ್ಟು ಸರಿಯಾಗಿ ಮಾಡಿದರೂ, ಅದು ಖಾಲಿ ಮಂಚಕ್ಕೆ ಬೀಸಿದ ಗಾಳಿ.