ಏರುವ ನಾಣ್ಯ, ಕಾಯುವ ಹುಗ್ಗಿ

ಹೊಳೆದಂಡೆಯ ಮಠವೊಂದರಲ್ಲಿ ಒಬ್ಬ ಗುರು. ಊರವರೆಲ್ಲ ಅವರನ್ನು ಅಜ್ಜಾರು ಅನ್ನುತ್ತಿದ್ದರು.

ಹುಣ್ಣಿಮೆಗೊಮ್ಮೆ ಅಲ್ಲಿ ಗೋಧಿ ಹುಗ್ಗಿಯ ದಾಸೋಹ. ನಮ್ಮ ಕಡೆಯ ಹುಗ್ಗಿ ಉಂಡವನಿಗೆ ಉಳಿದ ಊರುಗಳ ಪಾಯಸ ಬರೀ ಸಿಹಿನೀರು.

ಆ ಸಲ ಬೆಲ್ಲಕ್ಕೆಂದು ಭಕ್ತರೊಬ್ಬರು ಶಿಷ್ಯ ಗುರುಸಿದ್ದನ ಮೊಬೈಲಿಗೆ ಕ್ರಿಪ್ಟೋ ನಾಣ್ಯ ಕಳಿಸಿದರು.

ಗುರುಸಿದ್ದ ಕುಣಿದಾಡಿದ. "ಅಜ್ಜಾರ, ಇದಕ್ಕ ಬ್ಯಾಂಕ್ ಬ್ಯಾಡ, ಸರಕಾರ ಬ್ಯಾಡ. ಇನ್ನ ಮುಂದ ಇದ ರೊಕ್ಕ!"

"ಭೇಷಾತು. ಆಲಿಮನಿ ಚನವೀರನ ಕಡೆ ಬೆಲ್ಲ ತಗೊಂಡು ಬಾ. ನಾಳೆ ಮಧ್ಯಾಹ್ನ ಮಂದಿ ಪಂಕ್ತಿಗೆ ಕೂಡ್ತಾರ."

ಸಂಜೆ ಶಿಷ್ಯ ಬರಿಗೈಲಿ ಬಂದ.

"ಯಾಕಪಾ, ಚನವೀರ ಆ ನಾಣ್ಯ ಒಲ್ಲೆ ಅಂದನೇನು?"

"ಏ, ಅಂವ ಮೊಬೈಲ್ ಹಿಡಕೊಂಡು ತಯಾರಾಗೇ ನಿಂತಿದ್ದ. ನಾನ ಕೊಡಲಿಲ್ರಿ. ಬೆಲಿ ಏರಾಕತ್ತಿತ್ತು. ಇವತ್ತ ಕೊಟ್ರ ಒಂದು ಪೆಂಟಿ ಬೆಲ್ಲ, ನಾಳೆ ಕೊಟ್ರ ಎರಡು. ಇವತ್ತ ಕೊಡಾಕ ನನಗೇನು ಹುಚ್ಚೇನ್ರಿ?"

ಅಜ್ಜಾರು ನಕ್ಕರು.

ಬೆಳಗಾಗುವುದರಲ್ಲಿ ಬೆಲೆ ಕುಸಿದಿತ್ತು. ಶಿಷ್ಯ ಆಲೆಮನೆಗೆ ಓಡಿದ. ಚನವೀರ ಮೊಬೈಲನ್ನು ಜೇಬಿಗೆ ತುರುಕಿದ.

"ಇಳಿಯೂ ನಾಣ್ಯ ನಾ ಯಾಕ ತಗೊಳ್ಳಲಿ? ಏರಿದ ಮ್ಯಾಲ ಬಾರಪಾ."

"ಏರಿದ್ರ ನಾ ಯಾಕ ಕೊಡ್ಲೋ!" ಎಂದು ಶಿಷ್ಯ ರೇಗಿದ.

ಮಠದಲ್ಲಿ ಗೋಧಿ ಬೆಂದಿತ್ತು. ಮಂದಿ ಎಲೆ ಹಾಕಿಕೊಂಡು ಕೂತಿದ್ದರು.

"ಏ ಗುರುಸಿದ್ದಾ, ಬೆಲ್ಲ ಹೊಳಿ ಈಜಿಕೋತ ಬರಾಕತ್ತೈತೇನೋ?" ಎಂದು ಮುದುಕಿಯೊಬ್ಬಳು ಕೆಣಕಿದಳು. ಗುರುಸಿದ್ದ ಪಂಕ್ತಿಯ ತುದಿಗೆ ಹೋಗಿ ಎಲೆ ಹಾಕಿಕೊಂಡು ಕೂತ.

ಅಜ್ಜಾರು ಆರತಿ ತಟ್ಟೆಯಲ್ಲಿದ್ದ ಮುದುಡಿದ ನೋಟುಗಳನ್ನು ಆಲೆಮನೆಗೆ ಕಳಿಸಿದರು. ಬೆಲ್ಲ ಬಂತು. ಹುಗ್ಗಿ ಘಮಘಮಿಸಿತು.

ಅಜ್ಜಾರೇ ಬಡಿಸುತ್ತ ಬಂದು ಶಿಷ್ಯನ ಎಲೆಯ ಮುಂದೆ ನಿಂತರು. ತುಂಬಿದ ಸೌಟು ಎತ್ತಿದವರು ಬಾಗಿಸಲೇ ಇಲ್ಲ.

"ಬಡಸ್ರಿ, ಅಜ್ಜಾರ."

"ತಡಿಯೋ. ಬಕೆಟ್ಟಿನ್ಯಾಗ ತಳಾ ಕಾಣಾಕತ್ತೈತಿ. ಈಗ ಹುಗ್ಗಿ ಬೆಲಿ ಏರೂ ಹೊತ್ತು."

ಇಡೀ ಪಂಕ್ತಿ ನಕ್ಕಿತು. ಬಾಯಲ್ಲಿ ನೀರು ತುಂಬಿಕೊಂಡು ಗುರುಸಿದ್ದನೂ ನಕ್ಕ. ಆದರೂ ಸೋಲಲು ಅವನಿಗೆ ಮನಸ್ಸಿಲ್ಲ.

"ಹುಗ್ಗಿ ಇರಲ್ರಿ. ನನ್ನ ನಾಣ್ಯ ಒಳ್ಳೇ ರೊಕ್ಕ ಹೌದೋ, ಅಲ್ಲೋ? ಅದನ್ನಾರ ಹೇಳ್ರಿ."

ಅಜ್ಜಾರು ಕೈಯನ್ನು ಇನ್ನಷ್ಟು ಮೇಲಕ್ಕೆತ್ತಿದರು.

"ಬಾಗಿದ್ರ ಇದು ಸೌಟು. ಹಿಂಗ ಮ್ಯಾಲೇ ನಿಂತ್ರ ಏನಂತಾರೋ ಇದಕ್ಕ?"