ಬಾಣಂತಿಯ ಸೆರಗಿನ ಗಂಟುಗಳು

ಕಪ್ಪತಗುಡ್ಡದ ಬುಡದಲ್ಲಿ ಒಂದು ಹಂಚಿನ ಮಠ. ಪರಮಪೂಜ್ಯ ಶಾಂತವೀರಮ್ಮ ತಾಯಿಯವರು ಅಲ್ಲಿ ಬೆಳಗಿನ ಪೂಜೆ ಮುಗಿಸಿ, ಬಂದವರ ನೋವು ಕೇಳಿ, ಗುಡ್ಡದ ಸೊಪ್ಪು ಬೇರುಗಳನ್ನು ತಾವೇ ಅರೆದು ಕೊಡುತ್ತಿದ್ದರು. ಗದ್ದುಗೆಯೆಂದರೆ ಒಂದು ಹರಿದ ಕಂಬಳಿ, ಅಷ್ಟೇ!

ಒಂದು ಮುಂಜಾನೆ ಫಕೀರವ್ವನೆಂಬ ಬಾಣಂತಿ ಎರಡು ತಿಂಗಳ ಕೂಸನ್ನು ಎದೆಗವಚಿಕೊಂಡು ಬಂದಳು. ಕೂಸಿಗೆ ಎರಡು ದಿನದಿಂದ ಭೇದಿ. ಅವಳ ತಲೆಯೋ, ಸಂತೆಯಾಗಿತ್ತು. ಅವಳೂರಿನಲ್ಲಿ ಬಾಣಂತಿಯನ್ನು ನೋಡಬಂದ ಹೆಂಗಸರು ಬರಿಗೈಲಿ ಬರುವುದಿಲ್ಲ, ಒಂದೊಂದು ಔಷಧದ ಗಂಟು ತರುತ್ತಾರೆ, ಬೇಡವೆಂದರೆ ಮುನಿಸು. ಹಾಲು ಹೆಚ್ಚಲೆಂದು ಒಬ್ಬಳದು, ಸೊಂಟ ಗಟ್ಟಿಯಾಗಲೆಂದು ಇನ್ನೊಬ್ಬಳದು, ಹೊಟ್ಟೆ ಸಾಫಾಗಲೆಂದು ಅತ್ತೆಯದು. ಪಾಪ, ಎಲ್ಲವನ್ನೂ ಕುಡಿದಿದ್ದಳು. ಈಗ ಅತ್ತೆ "ನಿನ್ನ ಹಾಲು ಕೆಟ್ಟೈತಿ, ಮೊಲಿ ಬಿಡಿಸು" ಎನ್ನುತ್ತಿದ್ದಳು; ನೆರೆಯವಳು "ಇನ್ನೊಂದು ಲೋಟ ಕಷಾಯ ಕುಡಿ" ಎನ್ನುತ್ತಿದ್ದಳು. ಯಾವುದನ್ನು ಬಿಡಲಿ, ಯಾವುದನ್ನು ಹಿಡಿಯಲಿ ಶಿವನೇ?

"ಅವ್ವಾರ, ನನಗೊಂದೂ ತಿಳೀವಲ್ದು. ನಿಮ್ಮ ಕೈಲೆ ಒಂದು ಬೇರು ಕೊಡ್ರಿ, ಕಣ್ಣು ಮುಚ್ಚಿ ಕುಡಿತೀನಿ."

ತಾಯಿಯವರು ಬೇರು ಕೊಡಲಿಲ್ಲ. ಅವಳು ಸೆರಗಿನಲ್ಲಿ ಕಟ್ಟಿ ತಂದಿದ್ದ ಗಂಟುಗಳನ್ನೆಲ್ಲ ಬಿಚ್ಚಿಸಿದರು.

"ಇದೇನವಾ?"

"ಮೆಂತ್ಯ ರೀ."

"ಇದು?"

"ಗೊತ್ತಿಲ್ರಿ."

ಮುಂದಿನದೂ ಗೊತ್ತಿಲ್ಲ.

"ಹೆಸರು ಗೊತ್ತಿಲ್ಲದವರನ್ನ ತೊಟ್ಟಲ ಹತ್ರ ಬಿಡ್ತೀಯೇನವಾ? ನೀ ಕುಡಿದದ್ದು ಕೂಸಿಗೂ ಮುಟ್ಟತೈತಿ."

ಕಡೆಯ ಗಂಟಿಗೆ ಬಂದಾಗ ತಾಯಿಯವರ ಕೈ ನಿಂತಿತು. ಅದು ಕಾವಿ ಬಟ್ಟೆಯ ಚೂರು, ಒಳಗೆ ಹೊಟ್ಟೆ ಸಡಿಲಿಸುವ ಸೋನಾಮುಖಿ ಎಲೆಯ ಪುಡಿ. ಅವರೇ ಕುಟ್ಟಿದ್ದು, ಅವರೇ ಕಟ್ಟಿದ್ದು! ವಾರದ ಹಿಂದೆ ಫಕೀರವ್ವನ ಅತ್ತೆ ಬಂದು ಮಲಬದ್ಧತೆಗೆಂದು ಕೇಳಿ ಒಯ್ದಿದ್ದಳು. ಯಾರಿಗೆಂದು ಆಕೆ ಹೇಳಿರಲಿಲ್ಲ, ತಾಯಿಯವರು ಕೇಳಿರಲಿಲ್ಲ. ಮಠದ್ದೆಂಬ ಭಕ್ತಿಗೆ ಫಕೀರವ್ವ ಅದನ್ನು ದಿನಕ್ಕೆ ಎರಡು ಸಲ ಕುಡಿದಿದ್ದಳು.

ತಾಯಿಯವರು ಆ ಎಳೆಯ ಬಾಣಂತಿಗೆ ಕೈಮುಗಿದರು. "ತಪ್ಪು ನಂದು, ಮಗಳ."

ಫಕೀರವ್ವನಿಗೆ ದಿಕ್ಕೇ ತೋಚಲಿಲ್ಲ. ಕಾಲಿಗೆ ಬೀಳಬೇಕಾದವಳು ತಾನಲ್ಲವೇ? ಬಾಯಿ ಬಿಡುವಷ್ಟರಲ್ಲಿ ತಾಯಿಯವರು ಎದ್ದೇಬಿಟ್ಟಿದ್ದರು. "ಪುಡಿ ಎಲ್ಲಾ ನಿಲ್ಲಿಸು, ಹಾಲು ನಿಲ್ಲಿಸಬ್ಯಾಡ. ದವಾಖಾನಿಗೆ ನಡಿ, ನಾನೂ ಬರ್ತೀನಿ."

ದವಾಖಾನೆಯಲ್ಲಿ ತಾಯಿಯವರು ಗಂಟುಗಳನ್ನೆಲ್ಲ ವೈದ್ಯರ ಮೇಜಿನ ಮೇಲಿಟ್ಟು, ಕಾವಿಯದನ್ನು ಮುಂದೆ ಸರಿಸಿ, "ಇದನ್ನ ಕೊಟ್ಟಾಕಿ ನಾನು" ಎಂದು ಎಲ್ಲರೆದುರು ನುಡಿದರು. ಗುರುಕೃಪೆ, ವೈದ್ಯರು ಕೊಟ್ಟ ಮದ್ದು ಹತ್ತಿತು. ನಾಲ್ಕು ದಿನದಲ್ಲಿ ಕೂಸು ಚೇತರಿಸಿಕೊಂಡು ನಕ್ಕಿತು. ಅಂದಿನಿಂದ ಮಠದಲ್ಲಿ ಯಾವ ಹೆಂಗಸು ಔಷಧಕ್ಕೆ ಕೈಯೊಡ್ಡಿದರೂ ಮೊದಲು ಕೇಳುವ ಮಾತು ಒಂದೇ: "ಯಾರಿಗವಾ? ಹಾಲು ಕುಡಿಯೋ ಕೂಸೈತೇನು?"

ಮುಂದೊಮ್ಮೆ ನೆರೆಯವಳು ಹೊಸ ಗಂಟು ತಂದು, "ಮಠದ್ದು, ಸುಮ್ನ ಕುಡಿ" ಎಂದಳಂತೆ. ಯಾರಿಗೂ ಎದುರಾಡದ ಫಕೀರವ್ವ ಕೂಸನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು: "ಮಠದ್ದಾದ್ರೂ ಹೆಸರು ಹೇಳಕ್ಕಾ. ಕೇಳಂತ ಅವ್ವಾರ ಕಲಿಸ್ಯಾರ."