ಬಾವಿಕಟ್ಟೆ ಹತ್ತಿದ ಹುಡುಗಿ

ಊರ ಲೈಬ್ರರಿಗೆ ಹೊಸ ಸಾಹೇಬರು ಬಂದವರೇ ಕಟ್ಟಪ್ಪಣೆ ಮಾಡಿದರು: "ಹೊರಗಿನ ಕೀಬೋರ್ಡು, ಮೌಸು ಯಾವುದನ್ನೇ ಕಂಪ್ಯೂಟರಿಗೆ ಚುಚ್ಚಿದರೂ ನನ್ನ ಪಾಸ್‌ವರ್ಡ್ ಇಲ್ಲದೆ ಓಡಕೂಡದು!"

ಗುಮಾಸ್ತನಿಗೆ ಅಂಬಕ್ಕನ ಚಿಂತೆ ಹತ್ತಿತು. ಕಣ್ಣು ಕಾಣದ ಅಂಬಕ್ಕ ದಿನಾ ತನ್ನ ಬ್ರೈಲ್ ಕೀಬೋರ್ಡು ತಂದು ಅಲ್ಲಿ ಕಥೆ ಬರೆಯುತ್ತಿದ್ದಳು. "ಎಲ್ಲರಿಗೂ ಅನುಮತಿ ಕೊಟ್ಟುಬಿಡಿ ಸಾರ್" ಅಂದದ್ದಕ್ಕೆ ಸಾಹೇಬರು ಹುಬ್ಬು ಗಂಟಿಕ್ಕಿದರು.

ಗುಮಾಸ್ತ ವಾದ ಮಾಡಲಿಲ್ಲ. ದಿನಾ ಬೆಳಿಗ್ಗೆ ಪಾಸ್‌ವರ್ಡ್ ಒತ್ತಲು ಸಾಹೇಬರನ್ನೇ ಕರೆತಂದ. ಅವರು ಒತ್ತಿದ ಕೂಡಲೇ, "ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ, ಒಂಚೂರು ಓದಿಸಕ್ಕಾ" ಅನ್ನುವನು. ಕಂಪ್ಯೂಟರು ಅವಳ ಕಥೆಯನ್ನು ಗಟ್ಟಿಯಾಗಿ ಓದುವುದು. ಸಾಹೇಬರು ಮೊದಮೊದಲು ನಿಂತೇ ಕೇಳಿದರು. ಆಮೇಲೆ ಕುರ್ಚಿ ಎಳೆದುಕೊಂಡರು.

ಒಮ್ಮೆ ಅವರು ರಜೆ ಹಾಕಿದರು. ಮರಳಿ ಬಂದವರು ಕೈಚೀಲವನ್ನೂ ಇಳಿಸದೆ ಕೇಳಿದರು: "ಬಾವಿಕಟ್ಟೆ ಹತ್ತಿ ನಿಂತಿದ್ದಳಲ್ಲಮ್ಮಾ ಆ ಹುಡುಗಿ, ಏನಾದಳು?"

"ನೀವಿಲ್ಲದೆ ಕೀಬೋರ್ಡು ಓಡಲಿಲ್ಲ ಸಾರ್," ಅಂದಳು ಅಂಬಕ್ಕ. "ಪಾಪ, ಇನ್ನೂ ಅಲ್ಲೇ ನಿಂತಿದ್ದಾಳೆ."

ಸಾಹೇಬರು ಗುಮಾಸ್ತನತ್ತ ತಿರುಗಿದರು. ಅವನು ಫ್ಯಾನು ನೋಡುತ್ತಿದ್ದ.

"ಎಲ್ಲರಿಗೂ ಅನುಮತಿ ಕೊಟ್ಟೆ ಕಣಯ್ಯಾ!" ಅಂದವರೇ ಅಂಬಕ್ಕನ ಪಕ್ಕ ಕುಳಿತರು. "ನೀವು ಮೊದಲು ಆ ಮಗೂನ ಕೆಳಗಿಳಿಸಿ ತಾಯಿ."